ರೈಫಲ್ ಬದಲಿಸಬೇಕೋ ಬೇಡವೋ ಎಂದು ಕೇಳಿದ ಮಳೆಗಾಲ

ಮೊನ್ನೆ ಕಟಿಂಗ್ ಮಷೀನಿನ ಬೇರಿಂಗ್ ಬಿಚ್ಚಿದ್ದೆ. ಡೀಸೆಲ್ ತುಂಬಿದ ಡಬ್ಬಿಯಲ್ಲಿ ಅದ್ದಿ ಬಟ್ಟೆಯಿಂದ ಒರೆಸಿದಾಗ ಬೂದಿ ಬಣ್ಣದ ಒಂದು ಮುದ್ದೆ ಕೈಗೆ ಬಂತು. ಹಳೆಯ ಗ್ರೀಸು, ಅದಕ್ಕೆ ಅಂಟಿದ ಕಲ್ಲಿನ ಪುಡಿ. ಶಹಾಬಾದದಲ್ಲಿ ಹುಟ್ಟಿದವನಿಗೆ ಇದೇನು ಹೊಸ ವಾಸನೆಯಲ್ಲ, ತೊಟ್ಟಿಲಲ್ಲಿದ್ದಾಗಲೇ ಮೂಗಿಗೆ ಹತ್ತಿದ್ದು. ಆದರೂ ಈಗ ಅದು ಮೂಗಿಗೆ ಬಡಿದರೆ ಅಪ್ಪ ಫರಸಿ, ಅಂದರೆ ನೆಲಹಾಸಿನ ಕಲ್ಲು, ಕತ್ತರಿಸುತ್ತಿದ್ದ ಅಂಗಳ ನೆನಪಾಗುವುದಿಲ್ಲ. ಒಂದು ಕಬ್ಬಿಣದ ಮೇಜು, ಅದರ ಮೇಲೆ ಬಿಚ್ಚಿಟ್ಟ ಒಂದು ರೈಫಲ್, ಎದುರಿಗೆ ಕುಳಿತ ಮೂವರು ಅಧಿಕಾರಿಗಳು ನೆನಪಾಗುತ್ತಾರೆ. ಅದರ ಹಿಂದೆಯೇ, ರಜೆಯ ಮೇಲೆ ಊರಿಗೆ ಬಂದು ಒಂದೇ ಒಂದು ಹಾಳೆ ಬರೆಯಲಾರದೆ ಒದ್ದಾಡಿದ ಮಳೆಗಾಲವೂ ನೆನಪಾಗುತ್ತದೆ.

ಇಪ್ಪತ್ತನಾಲ್ಕು ವರ್ಷ ಫೌಜಿನಲ್ಲಿದ್ದೆ. ಗುಂಡು ಹಾರಿಸಿದ್ದು ಕಡಿಮೆ, ಹಾರಿಸುವವರ ಬಂದೂಕು ರಿಪೇರಿ ಮಾಡಿದ್ದೇ ಹೆಚ್ಚು. ಈ ಕೆಲಸದವನಿಗೆ ಆರ್ಮರರ್ ಅನ್ನುತ್ತಾರೆ. ಬಂದೂಕುಗಳನ್ನು ಬೀಗ ಹಾಕಿ ಇಡುವ ಕೋಣೆಗೆ ಕೋತ್ ಎಂದು ಹೆಸರು. ಅದರ ಬಾಗಿಲಲ್ಲಿ ಒಂದು ಬೆಂಚು, ಒಂದು ಇಕ್ಕಳ, ಒಂದು ಡಬ್ಬಿ ಎಣ್ಣೆ, ಇಷ್ಟೇ ನನ್ನ ಯುದ್ಧಭೂಮಿ. ಊರಿನವರು ನನ್ನನ್ನು ದೊಡ್ಡ ಶೂರ ಎಂದುಕೊಂಡಿದ್ದರು. ನಾನು ತಿದ್ದಲು ಹೋಗಲಿಲ್ಲ. ಮದುವೆಗೆ ಮುಂಚೆ ಅದರಿಂದ ಉಪಯೋಗವೂ ಇತ್ತು.

ಆಗ ನನ್ನ ನೌಕರಿಯ ಕೊನೆಗೆ ಒಂದೂವರೆ ವರ್ಷ ಉಳಿದಿತ್ತು. ಹವಾಲ್ದಾರನಾಗಿದ್ದೆ. ನಾಯಬ್ ಸುಬೇದಾರನಾಗುವವರ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಗುಮಾಸ್ತ ಎರಡು ಸಲ ಹೇಳಿ ಎರಡು ಸಲವೂ ಚಹಾ ಕುಡಿದಿದ್ದ. ಎರಡು ತಿಂಗಳ ರಜೆಗೆ ಹೊರಟ ದಿನ ಮೇಜರ್ ಸಾಹೇಬರು ಕರೆದರು. ಮೇಲಿನಿಂದ ಒಂದು ಪ್ರಶ್ನೆ ಬಂದಿತ್ತು: ಕಾಲಾಳು ಜವಾನನ ಕೈಯಲ್ಲಿರುವ ಈ ರೈಫಲನ್ನು ಬದಲಿಸಬೇಕೋ, ಸುಧಾರಿಸಿ ಇಟ್ಟುಕೊಳ್ಳಬೇಕೋ. ಫಾರಂ ತುಂಬಿ ಕಳಿಸಿದರೆ ಸಾಕಿತ್ತು. ಸಾಹೇಬರಿಗೆ ಅದು ಸಾಲಲಿಲ್ಲ. "ಮಹಬೂಬ್, ಬಂದೂಕಿನ ಹೊಟ್ಟೆ ನೋಡಿದವನು ನೀನು. ರಜೆಯಲ್ಲಿ ಸಮಾಧಾನವಾಗಿ ಯೋಚಿಸಿ ಒಂದು ಹಾಳೆ ಬರೆದುಕೊಂಡು ಬಾ. ನನ್ನನ್ನು ಖುಷಿಪಡಿಸಲು ಬರೆಯಬೇಡ" ಎಂದು ಹಿಂದಿಯಲ್ಲಿ ಹೇಳಿ ಒಂದು ಖಾಲಿ ಹಾಳೆಯನ್ನೂ ಕೊಟ್ಟರು. ಹಾಳೆಗೆ ನನ್ನಲ್ಲಿ ಬರವಿತ್ತೆಂದಲ್ಲ. ಅವರು ಕೊಟ್ಟದ್ದರಿಂದ ಅದು ಭಾರವಾಯಿತು.

ಬದಲಿಸಬೇಕು ಎಂದು ಬರೆಯಲು ನನಗೆ ಅರ್ಧ ಗಂಟೆ ಸಾಕಿತ್ತು. ಕಡು ಚಳಿಯಲ್ಲಿ ಗುಂಡು ತುಂಬುವ ಅದರ ಮ್ಯಾಗಜಿನ್ ಬಿರುಕು ಬಿಡುವುದನ್ನು ಕಣ್ಣಾರೆ ಕಂಡಿದ್ದೆ. ಧೂಳಿನಲ್ಲಿ ಅದು ಮುನಿಸಿಕೊಳ್ಳುವುದೂ ಗೊತ್ತಿತ್ತು. ಬೇಡ ಎಂದು ಬರೆಯಲೂ ಅಷ್ಟೇ ಸಾಕು. ಹಗುರವಾದ ಬಂದೂಕು, ಹೆಗಲಿಗೆ ಒದೆಯುವುದಿಲ್ಲ, ಹೊಸ ಜವಾನ ವಾರದಲ್ಲಿ ಗುರಿ ಹಿಡಿಯುತ್ತಾನೆ, ಬಿಡಿಭಾಗಗಳು ನಮ್ಮಲ್ಲೇ ಸಿಗುತ್ತವೆ. ಕಷ್ಟವಿದ್ದದ್ದು ಬೇರೆ ಕಡೆ. ಪಲ್ಟನ್ನಿನ ಕಡತದಲ್ಲಿ ನನ್ನದೇ ಸಹಿಯ ಇನ್ನೊಂದು ಹಾಳೆ ಏಳು ವರ್ಷದಿಂದ ಕುಳಿತಿತ್ತು.

ಆ ಹಾಳೆ ನರಸಪ್ಪನದು. ನರಸಪ್ಪ ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯವನು. ಮೊದಲ ಸಲ ಕೋತಿನ ಬಾಗಿಲಿಗೆ ಬಂದು ಬಂದೂಕು ಕೊಡುವಾಗ ನನ್ನ ಹಿಂದಿ ಕೇಳಿ, "ಉಸ್ತಾದ್ರೇ, ನೀವು ನಮ್ಮ ಕಡಿಯವ್ರೇನ್ರಿ?" ಅಂದಿದ್ದ. ಊರಿನಿಂದ ಎರಡು ಸಾವಿರ ಕಿಲೋಮೀಟರ್ ದೂರವಿದ್ದಾಗ ಶಹಾಬಾದ, ಕುಂಚಾವರಂ ಎರಡೂ ಒಂದೇ ಓಣಿ. ಅವನ ತೋಳಿಗೆ ಆಗತಾನೇ ಲಾನ್ಸ್ ನಾಯಕನ ಫೀತಿ, ಅಂದರೆ ಪಟ್ಟಿ, ಬಿದ್ದಿತ್ತು. ಗಡಿಯ ಧೂಳು ತುಂಬಿದ ಒಂದು ಠಾಣೆಯಲ್ಲಿ ಒಂದು ಬೆಳಿಗ್ಗೆ ಆ ಕಡೆಯಿಂದ ಗುಂಡು ಬಂದಾಗ ನರಸಪ್ಪನ ರೈಫಲ್ ಮೂರನೆಯ ಗುಂಡಿಗೆ ನಿಂತುಹೋಯಿತು. ಅವನು ಅದನ್ನು ಸರಿಮಾಡುವಷ್ಟರಲ್ಲಿ ಜೊತೆಗಾರನ ತೊಡೆಗೆ ಗುಂಡು ಬಿತ್ತು. ಆ ಹುಡುಗ ಬದುಕಿದ, ಆದರೆ ಕಾಲು ಎಳೆದುಕೊಂಡು ಮನೆಗೆ ಹೋದ.

ವಿಚಾರಣೆಯಲ್ಲಿ ರೈಫಲನ್ನು ಮೇಜಿನ ಮೇಲಿಟ್ಟು ನನಗೆ ಬಿಚ್ಚಲು ಹೇಳಿದರು. ಬಿಚ್ಚಿದೆ. ಚಿಂದಿ, ಅಂದರೆ ಒರೆಸುವ ಬಟ್ಟೆ, ಒಳಗೆ ಹಾಕಿ ಎಳೆದೆ. ಗುಂಡಿನ ಗಾಳಿ ಹರಿಯುವ ಭಾಗ ಒಣಗಿರಬೇಕು ಎಂದು ಪುಸ್ತಕ ಹೇಳುತ್ತದೆ. ಅಲ್ಲಿಂದ ಎಣ್ಣೆ ಧೂಳು ಕಲಸಿದ ಕಣಕ ಬಂತು. ತಪ್ಪು ಬಂದೂಕಿನದೋ ಮನುಷ್ಯನದೋ ಎಂದು ಕೇಳಿದರು. "ಮನುಷ್ಯನದು. ದೇಖಭಾಲಿನಲ್ಲಿ ಲಾಪರ್ವಾಹಿ" ಎಂದೆ, ಅಂದರೆ ನೋಡಿಕೊಳ್ಳುವುದರಲ್ಲಿ ಅಲಕ್ಷ್ಯ. ಬರೆದು ಸಹಿಯನ್ನೂ ಮಾಡಿದೆ. ನರಸಪ್ಪ ನನ್ನ ಎಡಗಡೆ ನಾಲ್ಕು ಹೆಜ್ಜೆ ದೂರದಲ್ಲಿ ಸೆಟೆದು ನಿಂತಿದ್ದ. ಏನಾದರೂ ಹೇಳುವುದಿದೆಯೇ ಎಂದು ಅವನನ್ನು ಕೇಳಿದರು. ಇಲ್ಲ ಸಾಬ್ ಎಂದ. ಅವನ ಫೀತಿ ಹೋಯಿತು, ದಾಖಲೆಯಲ್ಲಿ ಕೆಂಪು ಶಾಯಿಯ ಸಾಲು ಬಿತ್ತು. ಮೂರು ವರ್ಷದ ನಂತರ ಅವನು ಬರೀ ಸಿಪಾಯಿಯಾಗಿಯೇ ಪಿಂಚಣಿ ತೆಗೆದುಕೊಂಡು ಊರಿಗೆ ಹೋದ.

ಈಗ ಹೇಳಿ, ನಾನು ಹಾಳೆಯ ಮೇಲೆ ಏನು ಬರೆಯಬೇಕು? ಧೂಳಿನಲ್ಲಿ ನಿಂತುಹೋಗುವ ರೈಫಲ್ ಇದು, ಬದಲಿಸಿ ಎಂದರೆ ನರಸಪ್ಪನಿಗೆ ನಾನು ಮಾಡಿದ್ದೇನು? ರೈಫಲ್ ಚೆನ್ನಾಗಿದೆ, ಜವಾನರು ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದರೆ ನಾನು ಕಣ್ಣಾರೆ ಕಂಡದ್ದೆಲ್ಲ ಎಲ್ಲಿ ಹೋಗಬೇಕು?

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂದಿತ್ತು. ಹೆಸರು, ಉದ್ದು ಮೊಳಕಾಲುದ್ದ ಎದ್ದು ನಿಂತಿದ್ದವು. ಕಾಗಿಣಾ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಕಲ್ಲಿನ ಗಣಿಗಳಲ್ಲಿ ನೀರು ನಿಂತು ಕೆಲಸ ಕಡಿಮೆಯಾಗಿತ್ತು; ಅಂಗಳದಲ್ಲಿ ಮೊದಲೇ ತಂದಿಟ್ಟ ಫರಸಿಗಳನ್ನು ಮಾತ್ರ ಕತ್ತರಿಸಿ ಪಾಲಿಶ್ ಮಾಡುತ್ತಿದ್ದರು. ಮನೆಯಲ್ಲಿ ನಮ್ಮದು ದಖನಿ ಉರ್ದು, ಅಂಗಳದಲ್ಲಿ ಕನ್ನಡ. ನಾನು ದಿನವೂ ಹಾಳೆ, ಪೆನ್ನು ಹಿಡಿದು ಅಂಗಳದ ತಗಡಿನ ಚಪ್ಪರದ ಕೆಳಗೆ ಕೂರುತ್ತಿದ್ದೆ. ಅಣ್ಣ ಖಾಜಾ ಮಷೀನಿಗೆ ಗ್ರೀಸ್ ತುಂಬುತ್ತ ನೋಡುತ್ತಿದ್ದ. ಬ್ಲೇಡಿನ ಮೇಲೆ ಸದಾ ನೀರು ಬೀಳುವುದರಿಂದ ಇಲ್ಲಿ ಧೂಳು ಹಾರುವುದಿಲ್ಲ, ಕೆಸರಾಗುತ್ತದೆ. ಕೆಸರು ಬೇರಿಂಗಿಗೆ ಹೋಗಬಾರದೆಂದು ಗ್ರೀಸನ್ನು ಅದು ಹೊರಗೆ ಉಕ್ಕುವ ತನಕ ತುಂಬಬೇಕು. ಅಪ್ಪ ಇದ್ದಾಗಿನಿಂದ ಅದೇ ರೂಢಿ. ಗ್ರೀಸ್ ಹೊರಗೆ ಕಾಣದ ಮಷೀನು ಕಂಡರೆ ಅಪ್ಪ ಊಟದಿಂದ ಎದ್ದು ಬರುತ್ತಿದ್ದ.

"ಎಂಟ್ ದಿನಾ ಆಯ್ತು, ಹಾಳಿ ಹಂಗೇ ಬಿಳಿ ಅದ" ಎಂದ ಖಾಜಾ. "ನಿಕಾಹ್ ಕಾಗದಾ ಬರೀಬೇಕಾದ್ರೂ ನೀ ಇಷ್ಟು ಯೋಚ್ನಿ ಮಾಡಿರಲಿಲ್ಲ."

"ಅದಕ್ಕ ಸಹಿ ಅಷ್ಟೇ ಬೇಕಾಗಿತ್ತು, ಭಾಯಿ."

"ಇದಕ್ಕೂ ಸಹಿ ಹಾಕು, ಮುಗೀತು. ಹಳೇದು ಹೋದ್ರ ಹೊಸಾದು ಬರ್ತದ. ಸರಕಾರದ ಬಂದೂಕ, ನಿನ್ನ ಗಂಟೇನು ಹೋಗ್ತದ?"

ಅವನಿಗೆ ನರಸಪ್ಪನ ವಿಷಯ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ವಾಡಿಗೆ ಹೋದರೆ ಏನಾದರೂ ಹೊಳೆದೀತು ಎಂದು ಒಂದು ದಿನ ಹೋದೆ. ವಾಡಿ ಸ್ಟೇಷನ್ನಿನ ಹೊರಗಿನ ಚಹಾದಂಗಡಿಯಲ್ಲಿ ಮಾಜಿ ಫೌಜಿಗಳು ಬೆಳಿಗ್ಗೆ ಸೇರುತ್ತಾರೆ. ಹೆಚ್ಚಿನವರು ಸಿಮೆಂಟ್ ಕಾರ್ಖಾನೆಗಳ ಗೇಟಿನಲ್ಲಿ ಕಾವಲಿಗಿದ್ದವರು. ಡ್ಯೂಟಿ ಮುಗಿಸಿ ಬಂದವರು, ಹೋಗುವವರು. ಅವರಲ್ಲಿ ಹಿರಿಯರು ಚಿತ್ತಾಪುರದ ಸುಬೇದಾರ ಶರಣಪ್ಪನವರು. ಅವರ ಕಾಲದ ರೈಫಲ್ ಕಟ್ಟಿಗೆಯ ಹಿಡಿಕೆಯದು, ದಪ್ಪ ಗುಂಡಿನದು, ಭಾರವಾದದ್ದು. ಅದು ಹೋದದ್ದಕ್ಕೆ ಅವರು ಇನ್ನೂ ಸೂತಕದಲ್ಲಿದ್ದರು. ನಾನು ಪ್ರಶ್ನೆ ಇಟ್ಟದ್ದೇ ತಡ, ಅಂಗಡಿಯೇ ಎದ್ದು ನಿಂತಿತು.

"ನಮ್ಮ ಗುಂಡು ಬಿದ್ರ ಮನಿಷಾ ಎದ್ದೇಳ್ತಿರಲಿಲ್ಲ" ಎಂದರು ಶರಣಪ್ಪನವರು. "ನಿಮ್ಮ ಸಣ್ಣ ಗುಂಡು ಬಿದ್ರ ಅಂವ ತಿರುಗಿ ನೋಡಿ ಬೈತಾನ."

"ಸಣ್ಣ ಗುಂಡಿಗೂ ಲೆಕ್ಕ ಅದ ರೀ ಸಾಬ್" ಎಂದ ಇನ್ನೊಬ್ಬ. "ಒಬ್ಬಂವ ಗಾಯಾ ಆದ್ರ ಅವನ್ನ ಹೊರಾಕ ಇಬ್ರು ಬೇಕು. ಮೂರು ಮಂದಿ ಲಡಾಯಿ ಬಿಟ್ಟಂಗ."

"ಹೊರೂದಿಲ್ಲಪಾ ಅವ್ರು. ಬಿಟ್ಟು ಮುಂದ ಬರ್ತಾರ. ಆವಾಗ ಏನ್ ಮಾಡ್ತಿ?" ಎಂದರು ಶರಣಪ್ಪನವರು.

ಮೂರನೆಯವನು ದಪ್ಪ ಗುಂಡು ಹೊತ್ತು ಗುಡ್ಡ ಹತ್ತುವವನ ಬೆನ್ನಿನ ಬಗ್ಗೆ ಹೇಳಿದ. ನಾಲ್ಕನೆಯವನು ಪರದೇಶದ ರೈಫಲ್ ಕೊಂಡರೆ ನಾಳೆ ಅದರ ಸ್ಪ್ರಿಂಗಿಗೂ ಪರದೇಶದವನ ಮುಂದೆ ಕೈ ಒಡ್ಡಬೇಕಲ್ಲ ಎಂದ. ಮಾತುಗಳೆಲ್ಲ ಒಂದೊಂದು ಕಡೆಯಿಂದ ಸರಿಯಾಗಿಯೇ ಇದ್ದವು. ಕೊನೆಗೆ ನಾನು, ಧೂಳಿನಲ್ಲಿ ನಿಂತುಬಿಡುತ್ತದಲ್ಲ, ಅದಕ್ಕೇನಂತೀರಿ ಎಂದು ಕೇಳಿದೆ. ಶರಣಪ್ಪನವರು ಚಹಾದ ಬಸಿ ಕೆಳಗಿಟ್ಟು, "ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ. ಜವಾನ ಒರಸಬೇಕು, ಅಷ್ಟೇ" ಎಂದರು. ಎಲ್ಲರೂ ನಕ್ಕರು. ಏಳು ವರ್ಷದ ಹಿಂದೆ ಮೇಜಿನ ಮುಂದೆ ನಾನು ಹೇಳಿದ್ದೂ ಅದೇ ಮಾತು, ಗಾದೆ ಮಾತ್ರ ಇರಲಿಲ್ಲ. ನನಗೆ ನಗು ಬರಲಿಲ್ಲ. ಎದ್ದು ಬಂದೆ.

ಮರುದಿನ ಬೆಳಿಗ್ಗೆ ಚಿತ್ತಾಪುರದ ಬಸ್ಸು ಹಿಡಿದೆ. ಅಲ್ಲಿಂದ ಸೇಡಂ, ಸೇಡಮ್ಮಿನಲ್ಲಿ ಬಸ್ಸು ಬದಲಿಸಿ ಸುಲೇಪೇಟದ ಮೇಲಿಂದ ಚಿಂಚೋಳಿ. ಕಿಟಕಿಯಿಂದ ಇರಚಲು ಬರುತ್ತಿತ್ತು; ಪಕ್ಕದಲ್ಲಿ ಕುಳಿತವರು ಎಲ್ಲಿಗೆ ಎಂದು ಕೇಳಿದರೆ ಸ್ನೇಹಿತನ ಮನೆಗೆ ಎಂದೆ. ಚಿಂಚೋಳಿ ದಾಟಿದ ಮೇಲೆ ಕರಿ ಮಣ್ಣು ಮುಗಿದು ಕೆಂಪು ಮಣ್ಣು ಬರುತ್ತದೆ, ರಸ್ತೆಯ ಎರಡೂ ಕಡೆ ಕಾಡು. ಬಸ್ಸಿನಲ್ಲಿ ಕನ್ನಡ ಕಡಿಮೆಯಾಗಿ ತೆಲುಗು ಹೆಚ್ಚಾಯಿತು. ಕುಂಚಾವರಂನಲ್ಲಿ ಇಳಿದು ಫೌಜಿ ನರಸಪ್ಪನ ಮನೆ ಎಲ್ಲಿ ಎಂದು ಕೇಳಿದೆ. "ಗಿರಣಿ ನರಸಪ್ಪನಾ?" ಎಂದರು. ಫೌಜಿ ಎಂಬ ಹೆಸರು ಅವನಿಗೆ ಊರಿನಲ್ಲಿ ಉಳಿದಿರಲಿಲ್ಲ.

ಹಿಟ್ಟಿನ ಗಿರಣಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ನಾಲ್ಕೈದು ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ನರಸಪ್ಪ ಹುಬ್ಬಿನ ತನಕ ಬಿಳಿಯಾಗಿದ್ದ. ನನ್ನನ್ನು ಕಂಡು ಒಂದು ಗಳಿಗೆ ಅವನ ಬೆನ್ನು ತಾನಾಗಿಯೇ ಸೆಟೆಯಿತು, ಆಮೇಲೆ ನಕ್ಕು, "ಬರ್ರಿ ಉಸ್ತಾದ್ರೇ, ಕುಂದ್ರಿ. ಇವೆರಡು ಡಬ್ಬಿ ಮುಗಿಸಿಬಿಡ್ತೀನಿ" ಎಂದ. ಒಳಗಿದ್ದ ಹೆಂಡತಿಗೆ ತೆಲುಗಿನಲ್ಲಿ ಏನೋ ಹೇಳಿದ. ನಾನು ಚೀಲದ ಮೇಲೆ ಕುಳಿತೆ.

ಕೆಲಸ ಮುಗಿಸಿ ಗಿರಣಿ ನಿಲ್ಲಿಸಿದ ಮೇಲೆ ಅವನು ಹೆಗಲ ಮೇಲಿನ ಒಣ ಬಟ್ಟೆ ತೆಗೆದು ಮಷೀನನ್ನು ಮೂಲೆಮೂಲೆ ಬಿಡದೆ ಒರೆಸತೊಡಗಿದ. ನನ್ನ ಕೈಯಲ್ಲಿ ಕಲಿತ ರೀತಿಯೇ, ಒಳಗಿನಿಂದ ಹೊರಕ್ಕೆ, ಬಟ್ಟೆ ಮಡಚಿ ಮಡಚಿ. ಎಣ್ಣೆಯ ಡಬ್ಬಿ ಎಲ್ಲೂ ಕಾಣಲಿಲ್ಲ.

"ಎಣ್ಣಿ ಹಾಕೂದಿಲ್ಲೇನೋ ಇದಕ್ಕ?" ಎಂದೆ. ಕಸುಬಿನ ಚಟ, ಬಾಯಿಗೆ ಮೊದಲು ಬಂದದ್ದು ಅದೇ.

"ಹಿಟ್ಟು ಹಾರೂ ಕಡಿ ಎಣ್ಣಿ ಕಾಣಬಾರದ್ರಿ. ಕಣಕ ಆಗ್ತದ" ಎಂದ. ಬಟ್ಟೆ ಝಾಡಿಸಿದ. "ಅದನ್ನ ಭಾಳ ತುಟ್ಟಿ ಕೊಟ್ಟು ಕಲ್ತೀನ್ರಿ ನಾ."

ನಾನು ಬಂದ ಕಾರಣ ಹೇಳಿದೆ. ಮೇಜರ್ ಸಾಹೇಬರು, ಹಾಳೆ, ಪ್ರಶ್ನೆ. ಅವನು ಕೇಳುತ್ತ ಕುಳಿತ. ಕೊನೆಗೆ ಏಳು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿದೆ.

"ನರಸಪ್ಪ, ನೀ ಛಲೋ ಜವಾನ. ಗ್ಯಾಸ್ ಹೋಗೂ ಜಾಗಾ ಒಣಗಿರಬೇಕಂತ ಪುಸ್ತಕದಾಗ ಅದ, ನಿನಗೂ ಗೊತ್ತು. ಆವತ್ತು ಅಷ್ಟು ಎಣ್ಣಿ ಯಾಕ ಹಾಕಿದ್ದಿ?"

ಅವನು ನನ್ನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದೇನೋ ಎಂದು ನೋಡಿದಂತಿತ್ತು.

"ನಿಮಗ ಖರೇನ ನೆಪ್ಪಿಲ್ಲೇನ್ರಿ?"

"ಏನು?"

"ಆ ಮಳಿ ನಾಡಿನಾಗ ಇದ್ವಲ್ರಿ, ಜಿಗಣಿ ಹತ್ತೂ ಕಡಿ. ರೈಫಲ್ ಜಂಗ ಹಿಡೀತಾವಂತ ನಾ ಬಂದೆ. ನೀವು ಕೋತಿನ ಬಾಗಲ್ದಾಗ ಕುಂತು ಹೇಳಿದ್ರಿ. ಪುಸ್ತಕಾ ಬರದವ್ರು ಈ ಮಳಿ ಕಂಡಿಲ್ಲ ನರಸಪ್ಪ, ನಮ್ಮ ಶಹಾಬಾದದಾಗ ಗ್ರೀಸ್ ಹೊರಗ ಕಾಣೂತನಕ ತುಂಬತೀವಿ, ನೀನೂ ಒಳಗ ಹೊರಗ ಎಣ್ಣಿ ತುಂಬ ಹಾಕು ಅಂದ್ರಿ. ಬ್ಯಾರೆಯವ್ರಿಗೆ ಹೇಳಬ್ಯಾಡ ಅಂತನೂ ಅಂದ್ರಿ. ನಮ್ಮವ್ರು ಹೇಳ್ಯಾರಂತ ನಾ ಹಂಗೇ ಹಾಕಿದೆ. ಧೂಳಿನ ಕಡಿ ಬಂದ್ಮ್ಯಾಲೂ ಬಿಡಲಿಲ್ಲ. ಬಿಡಂತ ನೀವು ಹೇಳಿರಲಿಲ್ಲಲ್ರಿ."

ಕೇಳುತ್ತಿದ್ದಂತೆಯೇ ಎಲ್ಲ ನೆನಪಾಯಿತು. ಬೆಂಚು, ಮಳೆ, ನಾನು ಪುಸ್ತಕವನ್ನು ಹೀಯಾಳಿಸಿ ನಕ್ಕದ್ದು, ನನ್ನ ಊರಿನ ರೂಢಿಯನ್ನು ಒಬ್ಬ ನನ್ನವನಿಗೆ ಗುಟ್ಟಾಗಿ ಕೊಟ್ಟು ಹೆಮ್ಮೆಪಟ್ಟದ್ದು. ನೀರು ಬೀಳುವ ಕಡೆಯ ಬುದ್ಧಿಯನ್ನು ಬಂದೂಕಿಗೆ ಹೇಳಿಕೊಟ್ಟಿದ್ದೆ. ಆ ಮಳೆಯಲ್ಲಿ ಅದು ಹೇಗೋ ನಡೆಯಿತು. ಪಲ್ಟನ್ ಧೂಳಿನ ನಾಡಿಗೆ ಬಂದಾಗ ಉಳಿದವರೆಲ್ಲ ಪುಸ್ತಕದಂತೆ ಇದ್ದರು. ನರಸಪ್ಪ ನನ್ನ ಮಾತಿನಂತೆ ಇದ್ದ. ಆವತ್ತು ಮೇಜಿನ ಮುಂದೆ ಆ ಕಣಕ ಚಿಂದಿಗೆ ಹತ್ತಿ ಬಂದಾಗ ಇದು ನನಗೆ ನೆನಪಾಗಿತ್ತೇ? ನೆನಪಾಗಿರಲಿಲ್ಲ ಎಂದೇ ನನ್ನ ನಂಬಿಕೆ. ಆದರೆ ಎದೆ ಮುಟ್ಟಿಕೊಂಡು ಹೇಳು ಎಂದರೆ ಇವತ್ತಿಗೂ ಸ್ವಲ್ಪ ತಡವರಿಸುತ್ತೇನೆ.

"ವಿಚಾರಣಿ ಒಳಗ ಯಾಕ ಹೇಳಲಿಲ್ಲ?" ಎಂದೆ.

"ನೀವು ಅಲ್ಲೇ ನಿಂತಿದ್ರಲ್ರಿ" ಎಂದ ನರಸಪ್ಪ. "ನೀವೇ ಹೇಳ್ತೀರಂತ ಕಾದೆ."

ಹೆಂಡತಿ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ಕನ್ನಡ ಅವಳಿಗೆ ಚೆನ್ನಾಗಿ ಬರುತ್ತಿತ್ತು. "ಇವ್ರೇನಾ ಆ ಉಸ್ತಾದ್ರು?" ಎಂದು ಗಂಡನನ್ನು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಲೋಟವನ್ನು ನನ್ನ ಕೈಗೆ ಕೊಡದೆ ಹಿಟ್ಟಿನ ಚೀಲದ ಮೇಲೆ ಇಟ್ಟು ಒಳಗೆ ಹೋದಳು. ನಾನು ಆ ಚಹಾ ಕುಡಿಯಲಿಲ್ಲ. ಕುಡಿಯಲು ಆಗಲಿಲ್ಲ.

ನನಗೆ ಮಾಫಿ ಕೇಳಬೇಕಿತ್ತು; ಮಾತು ಹೊಂದಿಸುತ್ತಿದ್ದೆ. ಅವನೇ ಬೇರೆ ಮಾತು ತೆಗೆದ.

"ಹಾಳಿ ಮ್ಯಾಲ ಏನ್ ಬರೀತೀರಿ?"

"ನೀನೇ ಹೇಳು."

"ಬದಲಿ ಮಾಡ್ಬೇಕಂತ ಬರೀರಿ" ಎಂದ, ಯೋಚಿಸದೆ. ಈ ಉತ್ತರವೂ ಏಳು ವರ್ಷದಿಂದ ಅವನಲ್ಲಿ ಸಿದ್ಧವಾಗಿತ್ತೆಂದು ಕಾಣುತ್ತದೆ. "ನಮ್ಮ ತಪ್ಪು ಬ್ಯಾರೆ, ರೈಫಲ್ಲಿನ ತಪ್ಪು ಬ್ಯಾರೆ. ಜವಾನ ನಿದ್ದಿಗೆಟ್ಟಿರ್ತಾನ, ಅಂಜಿರ್ತಾನ, ಯಾರದೋ ಮಾತು ಕೇಳಿರ್ತಾನ. ತಪ್ಪು ಮಾಡೇ ಮಾಡ್ತಾನ. ಒಂದು ಹನಿ ಎಣ್ಣಿ ಹೆಚ್ಚಾದ್ರ ನಿಲ್ಲೂ ಬಂದೂಕ ಅವನ ಕೈಯಾಗ ಕೊಡಬಾರದ್ರಿ. ಈ ಗಿರಣಿ ನೋಡ್ರಿ, ನಮ್ಮ ಲಕ್ಷ್ಮಮ್ಮ ಎಷ್ಟು ತಪ್ಪು ಮಾಡಿದ್ರೂ ನಡೀತದ." ಒಳಗಿನಿಂದ ಹೆಂಡತಿಯ ಉತ್ತರ ಏನೋ ತೆಲುಗಿನಲ್ಲಿ ಬಂತು. ಅವನು ನಕ್ಕ. ನನಗೆ ಆ ನಗುವಿನಲ್ಲಿ ಸೇರಲು ಮುಖವಿರಲಿಲ್ಲ.

ಬಸ್ ನಿಲ್ದಾಣದ ತನಕ ಬಂದ. ಬಸ್ಸು ಹತ್ತುವ ಮುಂಚೆ, "ಆ ಹುಡುಗನ ಕಾಲು ಹೆಂಗದಂತ್ರಿ?" ಎಂದು ಕೇಳಿದ. ಗಾಯವಾದ ಆ ಜೊತೆಗಾರನ ಬಗ್ಗೆ. ನಡೆಯುತ್ತಾನಂತೆ ಎಂದೆ. "ನಾ ದಿನಾ ನೆನಸ್ತೀನ್ರಿ ಅವನ್ನ" ಎಂದ. ನಾನು ನೆನೆಸಿರಲಿಲ್ಲ. ತನ್ನ ತಾಟಿನಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಾಟಿನ ನೊಣ ಹುಡುಕಿದವನು ಎಂದು ಗಾದೆ ಇದೆಯಲ್ಲ, ಸೇಡಂ ಬರುವ ತನಕ ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಬೆಳಿಗ್ಗೆ ತಗಡಿನ ಕೆಳಗೆ ಕುಳಿತು ಬರೆದೆ. ಸಾಹೇಬರು ಕೊಟ್ಟ ಹಾಳೆಯ ಮೇಲೆ ರೈಫಲ್ ಬದಲಿಸಬೇಕು ಎಂದು ಬರೆದೆ. ಮ್ಯಾಗಜಿನ್ನು, ಚಳಿ, ಧೂಳು ಎಲ್ಲವನ್ನೂ ಬರೆದು, ದಣಿದ ಜವಾನನ ತಪ್ಪನ್ನು ತಡೆದುಕೊಳ್ಳುವ ಬಂದೂಕು ಬೇಕು ಎಂಬ ಮಾತಿನ ಮುಂದೆ, ಇದು ಮಾಜಿ ಸಿಪಾಯಿ ನರಸಪ್ಪನ ಅಭಿಪ್ರಾಯ, ನನಗೆ ಒಪ್ಪಿಗೆಯಿದೆ ಎಂದು ಸೇರಿಸಿದೆ. ಆ ಹಾಳೆ ತುಂಬಿತು. ಖಾಜಾನ ಡೈರಿಯಿಂದ ಇನ್ನೊಂದು ಹಾಳೆ ಹರಿದುಕೊಂಡೆ. ಅದರಲ್ಲಿ ಏಳು ವರ್ಷದ ಹಿಂದಿನ ವಿಚಾರಣೆಯ ಬಗ್ಗೆ ಬರೆದೆ: ಎಣ್ಣೆ ಹಾಕಲು ಹೇಳಿದವನು ನಾನು, ಪುಸ್ತಕಕ್ಕೆ ವಿರುದ್ಧವಾಗಿ ಹೇಳಿದೆ, ಜಾಗ ಬದಲಾದಾಗ ತಿದ್ದಲಿಲ್ಲ, ಲಾಪರ್ವಾಹಿ ನನ್ನದು. ಇಷ್ಟಕ್ಕೇ ಮಧ್ಯಾಹ್ನವಾಯಿತು.

ಖಾಜಾನಿಗೆ ಓದಿ ಹೇಳಿದೆ. ಅವನು ಗ್ರೀಸಿನ ಡಬ್ಬಿ ಕೆಳಗಿಟ್ಟ. "ಎರಡನೇದು ಕೊಟ್ರ ನಿನ್ನ ಸುಬೇದಾರಕಿ ಹೋಗ್ತದ" ಎಂದ.

"ಹೋಗ್ತದ."

"ಅಂವ ಕೇಳ್ಯಾನೇನು?"

"ಇಲ್ಲ."

"ಹಂಗಾದ್ರ ಕೊಡಬೇಕಾಗ್ತದ" ಎಂದು ಅಣ್ಣ ಮತ್ತೆ ಮಷೀನಿನ ಕಡೆ ತಿರುಗಿದ. ಕೇಳಿದ್ದರೆ ಕೊಡದಿದ್ದರೂ ನಡೆಯುತ್ತಿತ್ತು ಎಂಬುದು ಅವನ ನ್ಯಾಯ. ನನಗೂ ಅದು ಸರಿಯೆನಿಸಿತು.

ರಜೆ ಮುಗಿದು ಪಲ್ಟನ್ನಿಗೆ ಹೋದೆ. ಮೇಜರ್ ಸಾಹೇಬರು ಮೊದಲ ಹಾಳೆ ಓದಿ ತಲೆಯಾಡಿಸಿದರು, ಎರಡನೆಯದನ್ನು ಎರಡು ಸಲ ಓದಿದರು. ಒಂದು ಹಾಳೆ ಕೇಳಿದರೆ ಎರಡು ತಂದೆಯಲ್ಲ ಎಂದರು. ಮೊದಲನೆಯದು ರೈಫಲ್ಲಿನ ಕಡತಕ್ಕೆ ಹೋಗುತ್ತದೆ, ಎರಡನೆಯದು ನಿನ್ನ ಕಡತಕ್ಕೆ. ಬೇಕಾದರೆ ಇದನ್ನು ವಾಪಸ್ ತೆಗೆದುಕೊ, ನಾನು ನೋಡಿಲ್ಲ ಎಂದರು. ಒಳ್ಳೆಯ ಮನುಷ್ಯ, ನನಗೆ ಒಳ್ಳೆಯದಾಗಲೆಂದೇ ಹೇಳಿದರು. ನನ್ನ ಕೈ ಮುಂದೆ ಚಾಚಲೂ ಸಿದ್ಧವಿತ್ತು. ಹಿಟ್ಟಿನ ಚೀಲದ ಮೇಲೆ ಇಟ್ಟ ಆ ಚಹಾದ ಲೋಟ ಕಣ್ಣಿಗೆ ಬಂತು. ಎರಡನ್ನೂ ಕಳಿಸಿ ಸಾಬ್ ಎಂದೆ.

ಪಟ್ಟಿ ಬಂದಾಗ ನನ್ನ ಹೆಸರು ಅದರಲ್ಲಿರಲಿಲ್ಲ. ಮುಂದಿನ ವರ್ಷ ಹವಾಲ್ದಾರನಾಗಿಯೇ ಮನೆಗೆ ಬಂದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಯಬ್ ಸುಬೇದಾರ ಮಹಬೂಬ್ ಎಂಬುದನ್ನು ಬಾಯಲ್ಲಿ ಎಷ್ಟೋ ಸಲ ಹೇಳಿ ನೋಡಿದ್ದೆ. ನಾನು ಬರುವ ಹೊತ್ತಿಗೆ ಕೆಲವು ಪಲ್ಟನ್‌ಗಳಿಗೆ ಹೊಸ ರೈಫಲ್ ಬರತೊಡಗಿತ್ತು, ದಪ್ಪ ಗುಂಡಿನದೇ. ಶರಣಪ್ಪನವರು ವಾಡಿಯಲ್ಲಿ ಎಲ್ಲರಿಗೂ ಒಂದು ಸುತ್ತು ಚಹಾ ಹೇಳಿದರಂತೆ. ನನ್ನ ಹಾಳೆಯನ್ನು ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ. ನೂರು ಹಾಳೆಗಳಲ್ಲಿ ಅದೂ ಒಂದು.

ಅದಾದ ಮರು ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಂಗಳಕ್ಕೆ ಒಬ್ಬರು ಬಂದು ನಿಂತರು. ನಾನು ಬೇರಿಂಗಿಗೆ ಗ್ರೀಸ್ ತುಂಬುತ್ತಿದ್ದೆ. ತಲೆಯೆತ್ತಿದರೆ ನರಸಪ್ಪ. ಇಸ್ತ್ರಿ ಮಾಡಿದ ಅಂಗಿ ತೋಯ್ದು ಮೈಗೆ ಹತ್ತಿತ್ತು. ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಚೀಲ ಮಾತ್ರ ಒಣಗಿತ್ತು. ಖಾಜಾ ಚಹಾ ತರಿಸಲು ಹೊರಟ.

"ಚಾ ಆಮ್ಯಾಲಾಗ್ಲಿ ಬಿಡ್ರಿ" ಎಂದ ನರಸಪ್ಪ. ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದ. "ಮೊದ್ಲ ಇದನ್ನ ಓದ್ರಿ."

ಕಾಗದ ಇಂಗ್ಲಿಷಿನಲ್ಲಿತ್ತು. ಫೌಜಿನ ದಾಖಲೆ ಇಡುವ ರೆಕಾರ್ಡ್ ಆಫೀಸಿನದು.

"ಕುಂಚಾವರಂದಾಗ ಓದೂವ್ರು ಯಾರೂ ಸಿಗಲಿಲ್ಲೇನು?"

"ಸಿಕ್ಕಿದ್ರು. ಮಾಸ್ತರ್ ಓದಿ ಹೇಳ್ಯಾರ" ಎಂದ. "ಆ ಮಾತು ಬರದವ್ರು ನೀವು. ನಿಮ್ಮ ಬಾಯಿಲೆ ಕೇಳ್ಬೇಕಂತ ಬಂದೀನ್ರಿ."

ಖಾಜಾ ಮಷೀನ್ ಬಂದ್ ಮಾಡಿದ. ಬ್ಲೇಡಿನ ಮೇಲೆ ಬೀಳುತ್ತಿದ್ದ ನೀರಿನ ಸದ್ದೂ ನಿಂತಿತು. ನಾನು ಒಂದೊಂದೇ ಸಾಲನ್ನು ಓದಿ ಕನ್ನಡದಲ್ಲಿ ಹೇಳಿದೆ. ಮಾಜಿ ಸಿಪಾಯಿ ನರಸಪ್ಪನ ದಾಖಲೆಯಲ್ಲಿದ್ದ ಲಾಪರ್ವಾಹಿ ಎಂಬ ಮಾತನ್ನು, ನಂತರ ಬಂದ ಹೇಳಿಕೆಯ ಆಧಾರದ ಮೇಲೆ ತೆಗೆದುಹಾಕಲಾಗಿದೆ. ಅಷ್ಟೇ ಇತ್ತು. ಅವನು ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಓದ್ರಿ ಎಂದ. ಓದಿದೆ.

"ಫೀತಿ ಬಗ್ಗೆ ಏನೂ ಇಲ್ಲಲ್ರಿ?"

"ಇಲ್ಲ, ನರಸಪ್ಪ."

"ಇರ್ಲಿ" ಎಂದ. ಆಮೇಲೆ ಕಾಗದದ ಕೆಳಗಿನ ಬಿಳಿ ಜಾಗವನ್ನು ಬೆರಳಿನಿಂದ ತೋರಿಸಿದ. "ಆವತ್ತಿನ ವಿಚಾರಣಿ ಕಾಗದದ ಮ್ಯಾಲ ನಿಮ್ಮ ಸಹಿ ಇತ್ತು. ಇದರ ಮ್ಯಾಲೂ ಹಾಕ್ರಿ."

ಸರಕಾರದ ಕಾಗದದ ಮೇಲೆ ನಾವು ಸಹಿ ಹಾಕಬಾರದು ಎಂದು ಹೇಳಲು ಬಾಯಿ ತೆರೆದೆ. ಪುಸ್ತಕದ ಮಾತು. ಹೇಳಲಿಲ್ಲ. ಚಿಂದಿಯಲ್ಲಿ ಕೈ ಒರೆಸಿಕೊಂಡು ಅಣ್ಣನಿಂದ ಪೆನ್ನು ತೆಗೆದುಕೊಂಡು, ಒಂದು ಫರಸಿಯ ಮೇಲೆ ಕಾಗದವಿಟ್ಟು, ಹವಾಲ್ದಾರ ಮಹಬೂಬ್ ಎಂದು ಸಹಿ ಮಾಡಿದೆ. ಎಷ್ಟು ಒರೆಸಿದ್ದರೂ ಹೆಬ್ಬೆರಳಿನ ಗ್ರೀಸು ಮೂಲೆಗೆ ಹತ್ತಿತು. ಮಾಫಿ ಮಾಡಪ್ಪ ಎಂಬ ಮಾತು ಆಗ ಬಾಯಿಂದ ಹೊರಬಂತು. ಗ್ರೀಸಿಗೋ ಉಳಿದದ್ದಕ್ಕೋ ಎಂದು ಅವನು ಕೇಳಲಿಲ್ಲ. ಕಾಗದವನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಫರಸಿಗಳ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ಖಾಜಾನ ಕಡೆ ತಿರುಗಿದ.

"ಈಗ ತರಸ್ರಿ ಅಣ್ಣಾವ್ರೇ, ಚಾ."